ಅವ್ವ ಹೊಲಿದ ಪುಸ್ತಕ, ಟೆಂಟಿನ ಸಿನಿಮಾ

ಸಿನಿಮಾ ನೋಡಿ ಬಂದವರು 'ಪುಸ್ತಕದಲ್ಲಿದ್ದ ಹಾಗೆ ತೆಗೆದಿಲ್ಲ' ಎಂದು ಮೂಗು ಮುರಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಈ ವಿಷಯಕ್ಕೆ ಮೊಮ್ಮಕ್ಕಳ ಹತ್ತಿರ ಜಗಳವಾಡಿದ್ದೇನೆ. ಅವರಿಗೇನು, ಪುರಿ ತಿಂದುಕೊಂಡು ನೋಡುತ್ತಾರೆ, ಹಿಡಿಸದಿದ್ದರೆ ಬೈದು ಮಲಗುತ್ತಾರೆ. ನಾನು ಒಂದು ಕಾಲದಲ್ಲಿ, ಪುಸ್ತಕದಲ್ಲಿದ್ದ ಹಾಗೇ ಸಿನಿಮಾ ಇರಲಪ್ಪ ಎಂದು ದೇವರಿಗೆ ಹರಕೆ ಹೊತ್ತವಳು. ನನ್ನ ಮದುವೆಯಲ್ಲಿ ನನ್ನ ಹೆತ್ತ ಅವ್ವ ಧಾರೆ ಎರೆಯುತ್ತಾಳೋ ಇಲ್ಲವೋ ಎನ್ನುವುದು ಅದರ ಮೇಲೆ ನಿಂತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಮದ್ದೂರಿನಲ್ಲಿದ್ದೆವು. ಅಪ್ಪ ಮಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನಾನು ಅವರಿಗೆ ಒಬ್ಬಳೇ ಮಗಳು. ಒಂದು ಮಳೆಗಾಲದಲ್ಲಿ ಅವ್ವನಿಗೆ ಜ್ವರ ಹಿಡಿಯಿತು, ಜ್ವರ ಬಿಡುವ ಹೊತ್ತಿಗೆ ಕಿವಿ ಹೋಗಿತ್ತು. ಪಕ್ಕದಲ್ಲಿ ತಾಮ್ರದ ಬಿಂದಿಗೆ ಉರುಳಿದರೂ ತಿರುಗಿ ನೋಡುತ್ತಿರಲಿಲ್ಲ. ನಾವು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆವು, ಅವಳು ಬಾಯಲ್ಲಿ ಉತ್ತರ ಕೊಡುತ್ತಿದ್ದಳು. ತನ್ನ ದನಿ ತನಗೇ ಕೇಳಿಸದಿದ್ದ ಮೇಲೆ ಅದಕ್ಕೆ ಲಗಾಮು ಎಲ್ಲಿಂದ ಬರಬೇಕು? ಗುಟ್ಟು ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆದರೂ ಅವಳು ಎದೆಗುಂದಿರಲಿಲ್ಲ. ಎದೆಗುಂದಿದ್ದು ಮಳವಳ್ಳಿಯ ಮದುವೆಯಲ್ಲಿ.

ಅದು ನಮ್ಮ ಸೋದರತ್ತೆಯ ಮಗಳ ಮದುವೆ. ಅಕ್ಷತೆ ಎರಚುವುದಕ್ಕೆ ನಮ್ಮಲ್ಲಿ ಕಿವಿಯೇ ಗುರುತು. ಮದುವೆ ಮಾಡಿಸುವ ಅಯ್ನೋರು ಗಟ್ಟಿಮೇಳ ಎಂದು ಕೂಗಬೇಕು, ಓಲಗದವರು ಒಂದೇ ಸಮನೆ ಊದಿ ಬಡಿಯಬೇಕು, ಆಗ ಎಲ್ಲರೂ ಅಕ್ಷತೆ ಹಾಕಬೇಕು. ಅವ್ವ ಮಂಟಪದ ಮುಂದೆಯೇ ನಿಂತಿದ್ದಳು. ಅಯ್ನೋರು ಯಾರನ್ನೋ ವೀಳ್ಯದೆಲೆ ತಾ ಎಂದು ಕರೆಯಲು ಕೈ ಎತ್ತಿದರು. ಅವ್ವ ಅದನ್ನೇ ಗುರುತೆಂದುಕೊಂಡು ಮುಷ್ಟಿ ತುಂಬ ಅಕ್ಷತೆ ಎರಚಿಬಿಟ್ಟಳು. ಅವಳನ್ನು ನೋಡಿ ಹಿಂದಿದ್ದವರೂ ಎರಚಿದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಗಂಡಿನ ತಾಯಿ ಅಪಶಕುನವೆಂದು ಕಣ್ಣೀರು ಹಾಕಿದಳು. "ಕಿವುಡೀನ ಯಾಕ್ರಪ್ಪ ಮುಂದ್ಕೆ ನಿಲ್ಲುಸ್ಕೊಂಡ್ರಿ?" ಎಂದು ಯಾರೋ ಕೂಗಿದರು, ಒಂದಷ್ಟು ಜನ ನಕ್ಕರು. ಅವ್ವನಿಗೆ ಮಾತು ಕೇಳಲಿಲ್ಲ, ಬಾಯಿಗಳು ಕಂಡವು. ಅಲ್ಲಿಂದೀಚೆಗೆ ಅವಳು ಯಾರ ಮದುವೆಗೂ ಹೋಗಲಿಲ್ಲ, ಹೊಸಿಲಿನ ಆಚೆ ಒಂದು ಮಾತೂ ಆಡಲಿಲ್ಲ. ನೀರಿಗೆ ಹೋದಾಗಲೂ ನಲ್ಲಿ ಹತ್ತಿರ ಜನ ಇದ್ದರೆ ಖಾಲಿ ಕೊಡ ಹೊತ್ತು ವಾಪಸು ಬರುತ್ತಿದ್ದಳು.

ಅವಳಿಗೆ ಉಳಿದದ್ದು ಒಂದು ವಾರಪತ್ರಿಕೆ. ಅದರಲ್ಲಿ ಚೌಕ ಚೌಕವಾಗಿ ಚಿತ್ರ ಬರೆದು ಕತೆಯೊಂದನ್ನು ಕಂತಿನಲ್ಲಿ ಹಾಕುತ್ತಿದ್ದರು. ಪತ್ರಿಕೆ ಬರುವ ದಿನ ಅಪ್ಪ ಅದನ್ನು ಮಂಡ್ಯದಿಂದ ತರುತ್ತಿದ್ದರು. ಹನಕೆರೆ ದಾಟಿ ರೈಲು ನಮ್ಮೂರಿಗೆ ಬಂದರೆ ನಡುಮನೆಯ ಗೂಡಿನಲ್ಲಿದ್ದ ಲೋಟಗಳು ಅದುರುತ್ತಿದ್ದವು. ಅವ್ವ ಅಂಗೈಯನ್ನು ಗೂಡಿನ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಕತೆ ಮುಗಿದ ಮೇಲೆ ಹಾಳೆಗಳನ್ನೆಲ್ಲ ಕತ್ತರಿಸಿ, ದಬ್ಬಳದಲ್ಲಿ ಗೋಣಿದಾರ ಪೋಣಿಸಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದಳು. ನಮ್ಮ ಬೀದಿಯ ಹೆಂಗಸರೆಲ್ಲ ಧಾರಾವಾಹಿಗಳನ್ನು ಹೀಗೆ ಹೊಲಿದಿಡುತ್ತಿದ್ದರು. ಆದರೆ ಅವ್ವನಷ್ಟು ಸಲ ಓದಿದವರು ಯಾರೂ ಇಲ್ಲ.

ಕತೆ ಇಷ್ಟೇ. ದಳವಾಯಿಯೊಬ್ಬನನ್ನು ಮಂತ್ರಿ ಮೋಸದಿಂದ ಕೋಟೆಯ ನೆಲಮಾಳಿಗೆಗೆ ತಳ್ಳಿರುತ್ತಾನೆ. ತಾಯಿಯಿಲ್ಲದ ಅವನ ಮಗಳು ಗಂಡುವೇಷ ಹಾಕಿಕೊಂಡು ಕೋಟೆಗೆ ನುಸುಳುತ್ತಾಳೆ. ನೆಲಮಾಳಿಗೆಯಲ್ಲಿ ಅಪ್ಪ ತನ್ನ ಮುದ್ರೆಯುಂಗುರವನ್ನು ಮಗಳ ಬೆರಳಿಗೆ ತೊಡಿಸುತ್ತಾನೆ. ಇಬ್ಬರೂ ಸುರಂಗದಿಂದ ಹೊರಗೆ ಬರುತ್ತಾರೆ, ಹೊಳೆ ದಂಡೆಯಲ್ಲಿ ಬಾಣ ತಗುಲಿ ಅಪ್ಪ ಸಾಯುತ್ತಾನೆ. ಮಗಳು ಚಿತೆಗೆ ಬೆಂಕಿಯಿಟ್ಟು, ರಾಜನಿಗೆ ಉಂಗುರ ತೋರಿಸಿ ಮಂತ್ರಿಯ ಬಣ್ಣ ಬಯಲು ಮಾಡುತ್ತಾಳೆ. ರಾಜ ಕೊಟ್ಟ ಪದವಿ ಬೇಡವೆಂದು ಕೊನೆಯ ಚೌಕದಲ್ಲಿ ಒಬ್ಬಳೇ ಊರ ದಾರಿ ಹಿಡಿಯುತ್ತಾಳೆ.

ಅಷ್ಟರಲ್ಲಿ ನನಗೆ ಗಂಡು ಗೊತ್ತಾಯಿತು, ಅದೂ ಮಳವಳ್ಳಿಯಲ್ಲಿ. ಅದೇ ನೆಂಟರು, ಅದೇ ಛತ್ರ. ಅವ್ವ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು: "ನಾನು ಮಂಟಪ ಹತ್ತಕ್ಕಿಲ್ಲ. ಅಕ್ಕ ಎರೀಲಿ." ಅಕ್ಕ ಎಂದರೆ ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ದೊಡ್ಡಮ್ಮ ಕೆಟ್ಟವಳಲ್ಲ, ಆದರೆ ಬೇಡವೆನ್ನುವ ಜಾಯಮಾನದವಳೂ ಅಲ್ಲ. ಮಾರನೇ ದಿನವೇ ಧಾರೆಗೆ ಉಡುವ ರೇಷ್ಮೆ ಸೀರೆ ತೆಗೆದಿಟ್ಟಳು. ನಾನು ಅತ್ತೆ, ಊಟ ಬಿಟ್ಟೆ. ನಾನು ಸಿಟ್ಟಿನವಳು, ಸ್ಲೇಟಿನ ಮೇಲೆ ಬಳಪ ಮುರಿಯುವ ಹಾಗೆ ಬರೆದು ಜಗಳವಾಡಿದೆ. ಅವ್ವ ಒರೆಸಿ ಪಕ್ಕಕ್ಕಿಡುತ್ತಿದ್ದಳು.

ಆ ಹೊತ್ತಿಗೆ ಊರಾಚೆಯ ಬಯಲಿನ ಟೆಂಟು ಸಿನಿಮಾದವರು ಗಾಡಿಗೆ ಬೋರ್ಡು ಕಟ್ಟಿಕೊಂಡು, ತಮಟೆ ಬಡಿಯುತ್ತ ಬೀದಿಗೆ ಬಂದರು. ಎಸೆದ ಹ್ಯಾಂಡ್‌ಬಿಲ್ಲೊಂದನ್ನು ಅವ್ವನಿಗೆ ತಂದುಕೊಟ್ಟೆ. ಗಂಡುವೇಷದ ಹುಡುಗಿ, ಕೈಯಲ್ಲಿ ಕತ್ತಿ, ಹಿಂದೆ ಕೋಟೆ. ಅವ್ವ ಓದುವ ಮೊದಲೇ ಗುರುತು ಹಿಡಿದಳು. ಅವಳ ಪುಸ್ತಕವನ್ನೇ ಸಿನಿಮಾ ಮಾಡಿದ್ದರು. ಹೋಗೋಣ ಎಂದು ಬರೆದೆ. ಜನದ ಮಧ್ಯೆ ಕುಳಿತು ತನಗೇನು ಅರ್ಥವಾಗುತ್ತದೆ ಎಂದಳು. ಕತೆ ನಿನಗೆ ಬಾಯಿಪಾಠ, ಎಲ್ಲರಿಗಿಂತ ನಿನಗೇ ಹೆಚ್ಚು ಅರ್ಥವಾಗುತ್ತೆ, ಹಾಗೆ ಅರ್ಥವಾದರೆ ಧಾರೆ ಎರೆಯುತ್ತೀಯಾ ಎಂದು ಬರೆದೆ.

ಅವ್ವ ಈ ಸಲ ಸ್ಲೇಟನ್ನು ಒರೆಸಲಿಲ್ಲ.

"ಪುಸ್ತಕದಂಗೇ ಇದ್ರೆ ಎರೀತೀನಿ. ಜನದ್ ಮಧ್ಯ ಕುಂತು ಕೊನೆಗಂಟ ನಂಗೆ ದಾರಿ ತಪ್ಪದಿದ್ರೆ. ತಪ್ಪುದ್ರೆ ಅಕ್ಕನೇ ಎರೀಲಿ. ಆಮೇಲೆ ನೀನು ಈ ಮಾತ್ ಎತ್ತಬಾರ್ದು."

ನಾನು ಒಪ್ಪಿಕೊಂಡೆ. ಒಪ್ಪಿದ ಸಂಜೆಯೇ ದೊಡ್ಡಮ್ಮನ ಮಗ ಬಂದ. ಗೆಜ್ಜಲಗೆರೆಯಲ್ಲಿ ಕೆಲಸಕ್ಕಿದ್ದವನು, ಆ ಸಿನಿಮಾವನ್ನು ಮಂಡ್ಯದಲ್ಲೇ ನೋಡಿಬಿಟ್ಟಿದ್ದ.

"ಪುಸ್ತಕನೇ ಬೇರೆ, ಸಿನಿಮಾನೇ ಬೇರೆ ಕಣಮ್ಮಿ. ಬಿಳೀ ಕುದ್ರೆ ಬದ್ಲು ಕರೀದು. ಕೊನೇನೂ ಬದ್ಲಾಯ್ಸವ್ರೆ."

"ಕೊನೇಲಿ ಏನಾಯ್ತದಣ್ಣ?"

"ಯೋಳ್ಬುಟ್ರೆ ನೋಡಾಕೇನದೆ?" ಎಂದು ನಕ್ಕು ಹೋದ. ಅವನ ಬೆನ್ನಿಗೆ ಒನಕೆ ಬೀಸಬೇಕು ಎನ್ನಿಸಿತು.

ಇದನ್ನು ಅವ್ವನಿಗೆ ಬರೆದು ತೋರಿಸಲಿಲ್ಲ. ಬದಲಿಗೆ ಒಂದು ಉಪಾಯ ಮಾಡಿದೆವು. ಟೆಂಟಿನ ಕತ್ತಲಲ್ಲಿ ಸ್ಲೇಟು ನಡೆಯುವುದಿಲ್ಲ. ಅವಳ ಅಂಗೈ ನನ್ನ ಕೈಯಲ್ಲಿರುತ್ತದೆ. ಪರದೆಯ ಮೇಲೆ ಬಂದದ್ದು ಪುಸ್ತಕದಲ್ಲಿದ್ದರೆ ಒಂದು ಸಲ ಒತ್ತಬೇಕು, ಇಲ್ಲದಿದ್ದರೆ ಎರಡು ಸಲ. ಎರಡು ಒತ್ತಿದರೆ ಅವಳು ಹಾಳೆ ಮಗುಚದೆ ಸುಮ್ಮನೆ ಕಾಯಬೇಕು. ಪುಸ್ತಕ ನೋಡಿಕೊಳ್ಳಲು ಅಪ್ಪನ ಬ್ಯಾಟ್ರಿ ತೆಗೆದುಕೊಂಡೆವು.

ಹೊತ್ತು ಮುಳುಗುವಾಗ ಹೊರಟೆವು. ದೊಡ್ಡಮ್ಮನೂ ಜೊತೆಗೆ ಬಂದಳು. ಪಂದ್ಯ ಅವಳಿಗೂ ಗೊತ್ತಿತ್ತು. ಹೆಂಗಸರ ಕಡೆ ಮರಳಿನ ಮೇಲೆ ಅವ್ವನ ಎಡಕ್ಕೆ ನಾನು, ಬಲಕ್ಕೆ ದೊಡ್ಡಮ್ಮ. ಅವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅವಳ ಅಂಗೈ ತಣ್ಣಗಿತ್ತು.

ಶುರುವಿನಲ್ಲೇ ಹಾಡು. ಪುಸ್ತಕದಲ್ಲಿ ಎಲ್ಲಿಯ ಹಾಡು? ಎರಡು ಸಲ ಒತ್ತಿದೆ. ಆಮೇಲೆ ಕುದುರೆ ಬಂತು, ಕರಿಯದು. ನಾನು ಏನು ಒತ್ತುವುದೆಂದು ತಿಳಿಯದೆ ಕುಳಿತೆ. ಅವ್ವನೇ ನನ್ನ ಕೈ ತಟ್ಟಿ ಹಾಳೆ ಮಗುಚಿದಳು. ಬಣ್ಣಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮಂತ್ರಿಗೆ ಮೀಸೆ ಇಲ್ಲ, ಅದಕ್ಕೂ ಬಿಡು ಎಂದು ಕೈ ಆಡಿಸಿದಳು. ಪುಸ್ತಕದಲ್ಲಿ ಇಲ್ಲದ ಒಬ್ಬ ಡೊಳ್ಳುಹೊಟ್ಟೆಯ ಕಾವಲುಗಾರ ಬಂದು ಜನರನ್ನು ನಗಿಸಲು ಬಿದ್ದು ಎದ್ದು ಮಾಡಿದ. ಟೆಂಟೆಲ್ಲ ನಗುತ್ತಿದ್ದಾಗ ಅವ್ವ ಮಾತ್ರ ಹಾಳೆಯ ಮೇಲೆ ಬೆರಳಿಟ್ಟುಕೊಂಡು, ಇವನು ಯಾವಾಗ ತೊಲಗುತ್ತಾನೋ ಎಂದು ಕಾದಳು. ಅವಳು ಬ್ಯಾಟ್ರಿ ಹಾಕಿದಾಗಲೆಲ್ಲ ಹಿಂದಿನಿಂದ ಬೈಗುಳ ಬರುತ್ತಿತ್ತು: "ಯಾರವ್ವ ಅದು? ಆರ್ಸವ್ವ, ಕಣ್ಗೊಡೀತದೆ." ಅದನ್ನು ಕೇಳಬೇಕಾದವಳು ನಾನೊಬ್ಬಳೇ. ಇಷ್ಟಾದರೂ ಕತೆ ಪುಸ್ತಕದ ಜಾಡು ಬಿಟ್ಟಿರಲಿಲ್ಲ. ಮಗಳು ಕೋಟೆಯ ಗೋಡೆ ಹತ್ತುವ ಹೊತ್ತಿಗೆ, ಚೌಕದಲ್ಲಿ ಬರೆದಿದ್ದ ಹಾಗೆಯೇ ಹಗ್ಗ, ಹಾಗೆಯೇ ಚಂದ್ರ. ಒಂದು ಸಲ ಒತ್ತಿದೆ. ಅವ್ವನ ಅಂಗೈ ಬೆಚ್ಚಗಾಗಿತ್ತು.

ಆ ರೀಲು ಮುಗಿಯುತ್ತಿದ್ದ ಹಾಗೆ ಕರೆಂಟು ಹೋಯಿತು.

ಟೆಂಟಿನಲ್ಲಿ ಒಂದೇ ಮಿಷನ್ನು. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದನ್ನು ಸಿಕ್ಕಿಸಿ ಮತ್ತೆ ಶುರು ಮಾಡುತ್ತಿದ್ದರು. ಕತ್ತಲಲ್ಲಿ ಗಂಡಸರು ಬೀಡಿ ಹಚ್ಚಿದರು, ಮಕ್ಕಳು ಅತ್ತವು, ಆಪರೇಟರು ಡಬ್ಬಗಳನ್ನು ತಡಕಾಡುವ ಸದ್ದು ಕೇಳಿತು. ಕರೆಂಟು ಬಂದ ಮೇಲೆ ಪರದೆಯಲ್ಲಿ ಹೊಳೆ ದಂಡೆ. ದಳವಾಯಿ ಬಾಣ ತಗುಲಿ ಬಿದ್ದಿದ್ದಾನೆ. ಮಗಳು ಅಳುತ್ತಿದ್ದಾಳೆ, ಚಿತೆ ಉರಿಯುತ್ತಿದೆ.

ನೆಲಮಾಳಿಗೆ ಎಲ್ಲಿ, ಸುರಂಗ ಎಲ್ಲಿ? ಅಣ್ಣ ಹೇಳಿದ್ದೇ ನಿಜವಾಯಿತು, ಕತೆಯ ಕತ್ತೇ ಹಿಸುಕಿಬಿಟ್ಟಿದ್ದಾರೆ. ಅವ್ವ ಬ್ಯಾಟ್ರಿ ಹಾಕಿ ಮುಂದಿನ ಹಾಳೆ, ಹಿಂದಿನ ಹಾಳೆ ಮಗುಚುತ್ತಿದ್ದಳು. ನಾನು ಎರಡು ಸಲ ಒತ್ತಿದೆ. ಒತ್ತುವಾಗ ನನ್ನ ಧಾರೆ ನನ್ನ ಕೈಯಿಂದಲೇ ಜಾರಿಹೋಯಿತೆಂದು ಅಳು ಬಂತು. ಅವ್ವ ತಲೆ ಅಲ್ಲಾಡಿಸಿ ಕೈ ಬಿಡಿಸಿಕೊಂಡಳು. ದೊಡ್ಡಮ್ಮ ಅವ್ವನ ಹಿಂದಿನಿಂದ ನನ್ನ ಕಡೆ ಬಗ್ಗಿ, "ಸಾಕು ನಡಿಯವ್ವ ಮನೆಗೋಗದ. ಪಾಪ, ಅದಕ್ಕೇನು ಅರ್ಥ ಆಯ್ತದೆ" ಎಂದಳು. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ. ನಾನು ಏಳಲಿಲ್ಲ.

ಆ ರೀಲು ಮುಗಿದು ಮುಂದಿನದು ಬಂತು. ನೆಲಮಾಳಿಗೆ. ಈಗಷ್ಟೇ ಸುಟ್ಟು ಬೂದಿಯಾದ ದಳವಾಯಿ ಸರಪಳಿಯಲ್ಲಿ ಕುಳಿತು ಮಗಳೊಂದಿಗೆ ಮಾತಾಡುತ್ತಿದ್ದಾನೆ.

ಗಂಡಸರ ಕಡೆ ಗುಜುಗುಜು ಎದ್ದಿತು.

"ಸತ್ತೋನು ಎದ್ ಬಂದ್ನಲ್ಲೋ."

"ಡಬಲ್ ಆಕ್ಟಿಂಗು ಕಣ್ಲಾ. ಸತ್ತೋನು ಅಣ್ಣ, ಇವನು ತಮ್ಮ."

ಕುರ್ಚಿಯಲ್ಲಿ ಕುಳಿತ ಒಬ್ಬರು, ಮೇಷ್ಟರಿರಬೇಕು, ಅದು ಹಿಂದಿನ ನೆನಪು, ಮಗಳು ನೆನೆಸಿಕೊಳ್ಳುತ್ತಿದ್ದಾಳೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದರು. ನನಗೂ ಅದು ಸರಿ ಎನ್ನಿಸಿತು. ಪರದೆಯ ಮೇಲೆ ದಳವಾಯಿ ಉಂಗುರ ಬಿಚ್ಚಿ ಮಗಳ ಬೆರಳಿಗೆ ತೊಡಿಸುತ್ತಿದ್ದ.

ಆಗ ಅವ್ವ ಎದ್ದು ನಿಂತಳು. ಬ್ಯಾಟ್ರಿಯನ್ನು ಪರದೆಯ ಕಡೆಗೆ ತೋರಿಸಿ ಕೂಗಿದಳು.

"ನಿಲ್ಸ್ರಪ್ಪೋ. ರೀಲು ಹಿಂದುಮುಂದಾಗದೆ. ಉಂಗ್ರ ಈಗ ಕೊಡ್ತಾವ್ನೆ, ಚಿತೆ ತಾವ ಆಗ್ಲೇ ಅವಳ ಬೆರಳಲ್ಲಿತ್ತು. ಮೊದ್ಲು ಇದು. ಆಮೇಲೆ ಸಾಯದು."

ಮೂರು ವರ್ಷದಿಂದ ಹೊಸಿಲು ದಾಟದ ದನಿ. ಎಲ್ಲಿ ಏರಬೇಕೋ ಅಲ್ಲಿ ಇಳಿದು, ಎಲ್ಲಿ ಇಳಿಯಬೇಕೋ ಅಲ್ಲಿ ಕಿರುಚಿ, ಟೆಂಟಿನ ಬಟ್ಟೆಗೆ ಬಡಿದು ವಾಪಸು ಬಂತು. ಎಲ್ಲರೂ ತಿರುಗಿದರು. ಯಾರೋ ಶಿಳ್ಳೆ ಹಾಕಿದರು. ದೊಡ್ಡಮ್ಮ ಅವಳ ಸೆರಗು ಜಗ್ಗಿ, "ಕೂರ್ಸೇ ಅವಳ್ನ, ಮಾನ ಓಯ್ತದೆ" ಎಂದು ನನಗೆ ಹೇಳಿದಳು. ನಾನು ಹೆದರಿ ಕಲ್ಲಾಗಿದ್ದೆ. ಅವ್ವನ ಮುಂದೆ ಮತ್ತೆ ಅವೇ ತೆರೆದ ಬಾಯಿಗಳಿದ್ದವು.

ಮಿಷನ್ನು ನಿಂತು ದೀಪ ಹತ್ತಿತು. ಒಳಗೆ ಡಬ್ಬಗಳ ಸದ್ದಾಯಿತು. ಆಮೇಲೆ ಆಪರೇಟರು ಕಿಂಡಿಯಿಂದ ತಲೆ ಹೊರಗೆ ಹಾಕಿದ.

"ಅಮ್ಮಾರು ಯೋಳಿದ್ದು ಸರಿ ಕಣ್ರಪ್ಪ. ಕತ್ಲಲ್ಲಿ ಡಬ್ಬ ಅದಲುಬದಲಾಗೋಗದೆ."

ಟೆಂಟಿನಲ್ಲಿ ಹೋ ಎಂದು ಗದ್ದಲವೆದ್ದಿತು. ಡಬಲ್ ಆಕ್ಟಿಂಗು ಎಂದವನನ್ನು ಗೆಳೆಯರು ಬೆನ್ನಿಗೆ ಗುದ್ದಿದರು. ಅವ್ವ ನಿಂತೇ ಇದ್ದಳು. ನನ್ನ ಕಡೆ ಬಗ್ಗಿದಳು.

"ಏನಂದ್ರು? ನಗ್ತಾವ್ರಾ?"

ಸ್ಲೇಟು ಮನೆಯಲ್ಲಿತ್ತು. ನಮ್ಮ ಹತ್ತಿರ ಇದ್ದದ್ದು ಎರಡೇ ಮಾತು, ಪುಸ್ತಕದಲ್ಲಿದೆ, ಪುಸ್ತಕದಲ್ಲಿಲ್ಲ. ಅವಳ ಅಂಗೈ ಹಿಡಿದು ಎರಡು ಸಲ ಒತ್ತಿದೆ. ಅವ್ವ ನನ್ನ ಮುಖ ನೋಡಿದಳು, ಆಮೇಲೆ ನಿಧಾನವಾಗಿ ಕುಳಿತಳು.

ನೆಲಮಾಳಿಗೆಯ ರೀಲನ್ನು ಮೊದಲಿನಿಂದ ಹಾಕಿದರು. ಅದಾದ ಮೇಲೆ ಚಿತೆಯದನ್ನು ಇನ್ನೊಂದು ಸಲ ಹಾಕಿಸಿದರು ಜನ. ಪಾಪ, ದಳವಾಯಿ ಒಂದೇ ಸಂಜೆಗೆ ಎರಡು ಸಲ ಸತ್ತ. ಹಿಂದಿನ ಸಲ ಪೆಚ್ಚಾಗಿ ಕುಳಿತಿದ್ದ ಹೆಂಗಸರು ಈ ಸಲ ಸೆರಗು ಒದ್ದೆಯಾಗುವಷ್ಟು ಅತ್ತರು. ಪಕ್ಕದ ಸಾಲಿನ ಮುದುಕಿಯೊಬ್ಬಳು ಅವ್ವನ ತೊಡೆಯ ಮೇಲಿದ್ದ ಪುಸ್ತಕದೊಳಗೆ ಇಣುಕಿ, ಮುಂದೇನು ಎಂದು ಕೈಸನ್ನೆಯಲ್ಲಿ ಕೇಳಿದಳು. ಅವ್ವ ಬೆರಳಿಟ್ಟು ತೋರಿಸಿದಳು. ಯಾರೂ ಬ್ಯಾಟ್ರಿ ಆರಿಸು ಎನ್ನಲಿಲ್ಲ.

ಆದರೆ ಅಣ್ಣ ಸುಳ್ಳು ಹೇಳಿರಲಿಲ್ಲ. ಕೊನೆ ಬದಲಾಗಿತ್ತು. ರಾಜನ ಆಸ್ಥಾನದಲ್ಲಿ ಮಂತ್ರಿಗೆ ಕೋಳ ಬಿದ್ದ ಮೇಲೆ, ಮಗಳು ಒಬ್ಬಳೇ ಊರ ದಾರಿ ಹಿಡಿಯುವ ಬದಲು ಮಂಟಪದಲ್ಲಿ ನಿಂತಿದ್ದಳು. ರಾಜಕುಮಾರನೊಂದಿಗೆ ಮದುವೆ. ನಾನು ಎರಡು ಸಲ ಒತ್ತಲೇಬೇಕಾಯಿತು. ಅವ್ವ ಕಣ್ಣು ಕೀಳದೆ ಪರದೆಯನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಕೂಡಲೇ ದೊಡ್ಡಮ್ಮ ಜಗಲಿಯ ಮೇಲೆ ಕುಳಿತು, "ಅವಳಿಗೆ ಬರ್ದು ತೋರ್ಸು ಮತ್ತೆ. ಕೊನೆ ಬದ್ಲಾಯ್ತಲ್ಲ, ಏನಂತಾಳೆ ಕೇಳು. ಮಾತು ಅಂದ್ರೆ ಮಾತು" ಎಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ನನಗೆ ಬರೆಯಲು ಮನಸ್ಸಿರಲಿಲ್ಲ, ಆದರೆ ಅವ್ವನೇ ಸ್ಲೇಟು ತಂದು ಮುಂದಿಟ್ಟಳು. 'ಕೊನೆ ಪುಸ್ತಕದ ಹಾಗಿಲ್ಲ' ಎಂದು ಬರೆದೆ. ಅಕ್ಷರ ಸೊಟ್ಟಗಾದವು.

ಅವ್ವ ಓದಿದಳು. ಪುಸ್ತಕದ ಕೊನೆಯ ಹಾಳೆ ತೆಗೆದು ದೀಪಕ್ಕೆ ಹಿಡಿದಳು.

"ಇದ್ರಲ್ಲಿ ಒಬ್ಳೇ ಓಯ್ತಾಳೆ. ಅದ್ರಲ್ಲಿ ಮದ್ವೆ ಮಾಡುದ್ರು. ಧಾರೆ ಯಾರು ಎರೆದ್ರು ನೋಡ್ದಾ? ರಾಜ, ರಾಣಿ. ಅವಳಿಗೆ ಹೆತ್ತೋರು ಇರ್ನಿಲ್ಲ, ಅದ್ಕೆ ಕಂಡೋರು ಎರೆದ್ರು. ನಿಂಗೆ ನಾನಿದೀನಲ್ಲ."

ಪಿಸುಮಾತಿನಲ್ಲಿ ಹೇಳಿದೆನೆಂದು ಅವಳು ತಿಳಿದಿದ್ದಳು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಅವ್ವ ದೊಡ್ಡಮ್ಮನ ಕಡೆ ತಿರುಗಿದಳು. "ಅಕ್ಕ, ರೇಷ್ಮೆ ಸೀರೆ ಮಾತ್ರ ನೀನು ಉಟ್ಕೊಂಡೇ ಬಾ." ದೊಡ್ಡಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮಳವಳ್ಳಿಯ ಛತ್ರದಲ್ಲಿ ಮದುವೆಯ ದಿನ ಗಂಡಿನ ಕಡೆಯ ಹೆಂಗಸರು ಅವ್ವನನ್ನು ನೋಡಿ ಒಬ್ಬರ ಕಿವಿ ಒಬ್ಬರು ಕಚ್ಚುತ್ತಿದ್ದರು. ಗುರುತು ನಮ್ಮಲ್ಲೇ ಮಾತಾಗಿತ್ತು: ಓಲಗ ಏರಿದಾಗ ನಾನು ತಲೆ ಎತ್ತಿ ಅವಳನ್ನು ನೋಡಬೇಕು, ಅಲ್ಲಿಯವರೆಗೆ ಅವಳು ಯಾರ ಕೈಯನ್ನೂ ನಂಬಬಾರದು. ಗಂಡಿನ ಬೊಗಸೆಯ ಮೇಲೆ ನನ್ನ ಬೊಗಸೆ, ಅದರ ಮೇಲೆ ತೆಂಗಿನಕಾಯಿ. ಅಯ್ನೋರು ಎರಡು ಸಲ ಕೈ ಎತ್ತಿದರು, ಒಂದು ಸಲ ದರ್ಭೆಗೆ, ಒಂದು ಸಲ ನೊಣಕ್ಕೆ. ಅವ್ವ ಅಲುಗಲಿಲ್ಲ. ಗಟ್ಟಿಮೇಳ ಎಂದರು. ನಾನು ತಲೆ ಎತ್ತಿದೆ. ಮದುಮಗಳು ಹೀಗೆ ಮುಖ ಎತ್ತುವುದುಂಟೇ ಎಂದು ಯಾರೋ ಗೊಣಗಿದರು. ಅಪ್ಪ ಕೈ ಮುಟ್ಟಿಸಿದ ಗಿಂಡಿಯಿಂದ ಅವ್ವ ಹಾಲು ಎರೆದಳು. ನಮ್ಮ ತಲೆಯ ಮೇಲೆ ಅಕ್ಷತೆ ಬಿತ್ತು.

ಓಲಗ ನಿಂತ ಕೂಡಲೇ ಅವ್ವ ನನ್ನ ಕಡೆ ಬಗ್ಗಿ ಕೇಳಿದಳು. ಗುಟ್ಟಾಗಿ ಕೇಳಿದೆನೆಂದೇ ಅವಳ ಎಣಿಕೆ, ಛತ್ರದ ಅಡುಗೆಮನೆಯವರೆಗೂ ಕೇಳಿಸಿತು.

"ಪುಸ್ತಕದಂಗೇ ಆಯ್ತಾ ಮಗ?"

ಯಾರಿಗೂ ಅರ್ಥವಾಗಲಿಲ್ಲ. ಕೆಲವರು ನಕ್ಕರು. ಉತ್ತರ ಹೇಳಲು ನನ್ನ ಕೈಗೆ ಬಿಡುವಿರಲಿಲ್ಲ, ತೆಂಗಿನಕಾಯಿಯ ಕೆಳಗೆ ಸಿಕ್ಕಿಕೊಂಡಿತ್ತು. ಇದ್ದ ಕಡೆಯೇ ಬೆರಳುಗಳನ್ನು ಬಿಗಿಹಿಡಿದು ಒಂದು ಸಲ ಒತ್ತಿದೆ. ಅದು ಅವ್ವನ ಕೈಯಲ್ಲ, ಕೆಳಗಿದ್ದ ನಮ್ಮ ಯಜಮಾನರದು. ಅವರು ಬೆಚ್ಚಿ ನನ್ನ ಮುಖ ನೋಡಿದರು. ಅವ್ವ ಅವರು ಬೆಚ್ಚಿದ್ದನ್ನು ನೋಡಿದಳು, ಸರಿ ಎಂದು ತಲೆ ಆಡಿಸಿ, ಗಿಂಡಿಯಲ್ಲಿ ಉಳಿದಿದ್ದ ಹಾಲನ್ನೂ ನಮ್ಮ ಕೈಗೆ ಎರೆದುಬಿಟ್ಟಳು.